ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಯೆಮ್ ರೀಪ್‌ಗೆ ಹೋಗುವುದೋ, ಚಿಯಾಂಗ್ ಮಾಯ್‌ಗೆ ಹೋಗುವುದೋ?

ಪ್ರಶ್ನೆ: ನಾನೂ ನನ್ನ ಪತ್ನಿಯೂ ಪ್ರೌಢಶಾಲೆಯಲ್ಲಿ ಪಾಠ ಹೇಳುವವರು. ಜೊತೆಗೆ 68 ವರ್ಷದ ನಮ್ಮ ತಾಯಿಯವರಿದ್ದಾರೆ. ಅವರಿಗೆ ಮಂಡಿನೋವು ಇದೆ, ನಿಧಾನವಾಗಿ ನಡೆಯಬಲ್ಲರು, ಆದರೆ ಕಡಿದಾದ ಮೆಟ್ಟಿಲು ಹತ್ತಲಾರರು. ಮೂವರೂ ಸಸ್ಯಾಹಾರಿಗಳು. ಮೊದಲ ಬಾರಿಗೆ ವಿದೇಶಕ್ಕೆ ಹೋಗಬೇಕೆಂದಿದ್ದೇವೆ, ಕೈಯಲ್ಲಿರುವ ಹಣ ಹೆಚ್ಚಲ್ಲ, ದೇವಾಲಯಗಳನ್ನು ನೋಡುವ ಆಸೆ ಮಾತ್ರ ದೊಡ್ಡದು. ಕಾಂಬೋಡಿಯಾದ ಸಿಯೆಮ್ ರೀಪ್ ಮತ್ತು ಥಾಯ್ಲೆಂಡಿನ ಚಿಯಾಂಗ್ ಮಾಯ್ ಎರಡೂ ಅಗ್ಗವೆಂದು ಸ್ನೇಹಿತರು ಹೇಳುತ್ತಾರೆ. ನಮಗೆ ಬಿಡುವು ಸಿಗುವುದು ದಸರಾ ರಜೆಯಲ್ಲಿ ಅಥವಾ ಬೇಸಿಗೆ ರಜೆಯಲ್ಲಿ, ಅದೂ ಐದಾರು ದಿನಗಳ ಮಟ್ಟಿಗೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ದಸರಾ ರಜೆಯಲ್ಲಿ ಹೋಗುವುದಾದರೆ ಸಿಯೆಮ್ ರೀಪ್, ಬೇಸಿಗೆ ರಜೆಯಲ್ಲದೆ ಬೇರೆ ದಾರಿಯಿಲ್ಲವೆಂದಾದರೆ ಮೇ ತಿಂಗಳ ನಡುಭಾಗ ಕಳೆದ ಮೇಲೆ ಚಿಯಾಂಗ್ ಮಾಯ್. ನಿಮ್ಮ ಪರಿಸ್ಥಿತಿಗೆ ಇದು ನನ್ನ ಸಲಹೆ. ಆದರೆ ನಿಮ್ಮ ಸ್ನೇಹಿತರು ಹೇಳಿದ ‘ಎರಡೂ ಅಗ್ಗ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡದೆ ಈ ಸಲಹೆಯನ್ನು ಒಪ್ಪಿಕೊಳ್ಳಬೇಡಿ, ಏಕೆಂದರೆ ಎರಡೂ ಊರುಗಳು ಅಗ್ಗವಾಗಿರುವುದು ಬೇರೆ ಬೇರೆ ರೀತಿಯಲ್ಲಿ.

ಊಟ, ವಸತಿ, ಓಡಾಟದ ದಿನಖರ್ಚನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ನಗರಗಳ ನಡುವೆ ಅಂಥ ಅಂತರವೇನಿಲ್ಲ. ಸರಳವಾದ, ಶುಚಿಯಾದ ಕೊಠಡಿಗಳು ಎರಡು ಕಡೆಗಳಲ್ಲಿಯೂ ಧಾರಾಳವಾಗಿ ಸಿಗುತ್ತವೆ. ಅಂತರವಿರುವುದು ಊರೊಳಗೆ ಕಾಲಿಡುವ ಮೊದಲೇ ಕಟ್ಟಬೇಕಾದ ಹಣದಲ್ಲಿ. ಕಾಂಬೋಡಿಯಾದ ಪ್ರವಾಸಿ ವೀಸಾಕ್ಕೆ ತಲೆಗೆ 30 ಡಾಲರ್ ಶುಲ್ಕವಿದೆ. ಸಿಯೆಮ್ ರೀಪ್ ಪಕ್ಕದ ಅಂಗ್ಕೋರ್ ದೇವಾಲಯ ಸಮುಚ್ಚಯದ ಪ್ರವೇಶಪತ್ರದ ದರವನ್ನು 2017ರಲ್ಲಿ ಏರಿಸಿದ ಮೇಲೆ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62 ಡಾಲರ್, ಏಳು ದಿನಕ್ಕೆ 72 ಡಾಲರ್ ಆಗಿದೆ. ಮೂರು ದಿನದ ಪತ್ರವನ್ನೇ ಹಿಡಿದರೆ, ಮೂವರಿಗೆ ವೀಸಾವೂ ಸೇರಿ 276 ಡಾಲರ್ ನೀವು ಒಂದು ಲೋಟ ಎಳನೀರು ಕುಡಿಯುವುದಕ್ಕೂ ಮೊದಲೇ ಮುಗಿದಿರುತ್ತದೆ. ಚಿಯಾಂಗ್ ಮಾಯ್‌ನಲ್ಲಿ ಹೀಗಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ 2024ರ ಜುಲೈನಲ್ಲಿ ಥಾಯ್ಲೆಂಡ್ 60 ದಿನಗಳ ವೀಸಾರಹಿತ ಪ್ರವೇಶವನ್ನು ಘೋಷಿಸಿತು (ಈ ಅವಧಿಯನ್ನು ಇಳಿಸುವ ಮಾತು ಆಗಾಗ ಕೇಳಿಬರುವುದರಿಂದ ಟಿಕೆಟ್ ಕೊಳ್ಳುವ ದಿನ ರಾಯಭಾರ ಕಚೇರಿಯ ಜಾಲತಾಣವನ್ನು ನೋಡಿಕೊಳ್ಳಿ). ದೇವಾಲಯಗಳಲ್ಲಿ ಅನೇಕವಕ್ಕೆ ಶುಲ್ಕವೇ ಇಲ್ಲ, ಶುಲ್ಕವಿರುವ ಪ್ರಮುಖ ದೇವಾಲಯಗಳಲ್ಲಿ ವಿದೇಶೀಯರಿಂದ ತೆಗೆದುಕೊಳ್ಳುವುದು ಕೆಲವೇ ಹತ್ತು ಬಾತ್‌ಗಳು. ಎಲ್ಲವನ್ನೂ ನೋಡಿದರೂ ಮೂವರಿಗೆ ಸೇರಿ 1000 ಬಾತ್ ದಾಟುವುದು ಕಷ್ಟ.

ಹಾಗಾದರೆ ಚಿಯಾಂಗ್ ಮಾಯ್ ಅಗ್ಗವೆಂದು ತೀರ್ಮಾನ ಕೊಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಹದಿನೈದು ದಿನವೋ ತಿಂಗಳೋ ಇರಲು ಹೊರಟವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ನೀವು ಐದಾರು ದಿನಕ್ಕೆ ಹೋಗುತ್ತಿರುವವರು. ಇಷ್ಟು ಚಿಕ್ಕ ಪ್ರವಾಸದಲ್ಲಿ ಒಟ್ಟು ಖರ್ಚಿನ ದೊಡ್ಡ ಪಾಲನ್ನು ವಿಮಾನದ ಟಿಕೆಟ್ಟೇ ನುಂಗುತ್ತದೆ. ಅಷ್ಟು ಕೊಟ್ಟು ಅಷ್ಟು ದೂರ ಹೋದ ಮೇಲೆ ತಲೆಗೆ ತೊಂಬತ್ತು ಡಾಲರ್ ಉಳಿಸುವ ಸಲುವಾಗಿ, ನೀವು ನಿಜವಾಗಿ ನೋಡಬೇಕೆಂದಿದ್ದ ಊರನ್ನು ಬಿಟ್ಟು ಇನ್ನೊಂದನ್ನು ನೋಡಿ ಬರುವುದು ಜಾಣತನದ ಉಳಿತಾಯವೆಂದು ನನಗೆ ತೋರುವುದಿಲ್ಲ. ಆದ್ದರಿಂದ ಎಂಥ ದೇವಾಲಯವನ್ನು ನೋಡುವ ಆಸೆ ನಿಮಗಿದೆ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಸಿಯೆಮ್ ರೀಪ್ ತಾನಾಗಿ ದೇಗುಲಗಳ ಊರಲ್ಲ. ಅದರ ಉತ್ತರಕ್ಕೆ ಸುಮಾರು 400 ಚದರ ಕಿಲೋಮೀಟರ್ ಹರಡಿಕೊಂಡಿರುವ ಅಂಗ್ಕೋರ್ ಪುರಾತತ್ತ್ವ ಪ್ರದೇಶಕ್ಕೆ ಅದು ಬಾಗಿಲು. ಯುನೆಸ್ಕೊ 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಪ್ರದೇಶದ ನಡುಮಣಿಯಾದ ಅಂಗ್ಕೋರ್ ವಾಟ್ ದೇವಾಲಯವನ್ನು ಎರಡನೆಯ ಸೂರ್ಯವರ್ಮನು 12ನೆಯ ಶತಮಾನದ ಮೊದಲಾರ್ಧದಲ್ಲಿ ವಿಷ್ಣುವಿಗೆಂದು ಕಟ್ಟಿಸಿದನು. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯಾದದ್ದು 1117ರಲ್ಲಿ. ಎಂದರೆ ವಿಷ್ಣುವರ್ಧನನ ಶಿಲ್ಪಿಗಳು ಬಳಪದ ಕಲ್ಲನ್ನು ಕೊರೆಯುತ್ತಿದ್ದ ಕಾಲಕ್ಕೇ ಸಮುದ್ರದಾಚೆಯ ಇನ್ನೊಂದು ರಾಜ್ಯದಲ್ಲಿ ಅದೇ ದೇವರಿಗೆ, ಅದೇ ಪುರಾಣಗಳನ್ನು ಮರಳುಗಲ್ಲಿನಲ್ಲಿ ಬಿಡಿಸುತ್ತಿದ್ದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗ್ಕೋರ್ ವಾಟ್‌ನ ಕೆಳಗಿನ ಪ್ರಾಕಾರದ ಮೊಗಸಾಲೆಯಲ್ಲಿ ನಡೆದವರಿಗೆ ಸಿಗುವ ಸಂತೋಷ ಬೇರೆ ದೇಶದ ಪ್ರವಾಸಿಗಳಿಗೆ ಸುಲಭವಾಗಿ ಸಿಗುವಂಥದಲ್ಲ. ಪಕ್ಕದಲ್ಲಿ ನಿಂತವರು ಮಾರ್ಗದರ್ಶಿಯ ಬಾಯಿ ನೋಡುತ್ತಿರುವಾಗ ನಿಮ್ಮ ತಾಯಿಯವರು ಶರಶಯ್ಯೆಯ ಮೇಲಿರುವ ಭೀಷ್ಮನನ್ನು ತಾವೇ ಗುರುತಿಸಿಬಿಡುತ್ತಾರೆ.

ಈ ಮೊಗಸಾಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ನನ್ನ ಶಿಫಾರಸು ನಿಂತಿರುವುದೇ ಇದರ ಮೇಲೆ. ದೇವಾಲಯವು ಪಶ್ಚಿಮಾಭಿಮುಖವಾಗಿದೆ, ಮತ್ತು ಅದರ ಉಬ್ಬುಶಿಲ್ಪಗಳನ್ನು ನೋಡಬೇಕಾದ ಕ್ರಮ ಅಪ್ರದಕ್ಷಿಣೆಯದು. ಹೊಯ್ಸಳ ದೇವಾಲಯಗಳ ಜಗತಿಯ ಮೇಲೆ ಪ್ರದಕ್ಷಿಣೆ ಹಾಕಿ ರೂಢಿಯಾದವರು ಇಲ್ಲಿ ತಪ್ಪುದಿಕ್ಕಿಗೆ ತಿರುಗಿ ಕಥೆಯನ್ನು ಹಿಂದುಮುಂದಾಗಿ ಓದುವುದುಂಟು. ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದು ಬಲಕ್ಕೆ ಹೊರಳಿದರೆ ಮೊದಲು ಕುರುಕ್ಷೇತ್ರ ಯುದ್ಧ. ದಕ್ಷಿಣಕ್ಕೆ ತಿರುಗಿದ ಮೇಲೆ ಸೂರ್ಯವರ್ಮನ ಸೈನ್ಯದ ಮೆರವಣಿಗೆ, ಅದರಾಚೆಗೆ ಯಮನೂ ಚಿತ್ರಗುಪ್ತನೂ ಕುಳಿತು ತೀರ್ಪು ಕೊಡುವ ಸ್ವರ್ಗ-ನರಕಗಳ ಸಾಲು. ಪೂರ್ವದ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನವಿದೆ. ನಡುವೆ ವಿಷ್ಣು, ಕೆಳಗೆ ಕೂರ್ಮ, ಒಂದು ಬದಿಯಲ್ಲಿ ದೇವತೆಗಳು, ಇನ್ನೊಂದು ಬದಿಯಲ್ಲಿ ಅಸುರರು, ಎಲ್ಲರೂ ಒಂದೇ ಲಯದಲ್ಲಿ ವಾಸುಕಿಯನ್ನು ಎಳೆಯುತ್ತಿದ್ದಾರೆ. ಸುತ್ತು ಮುಗಿದು ಮತ್ತೆ ಪಶ್ಚಿಮಕ್ಕೆ ಬಂದರೆ, ಬಾಗಿಲಿನ ಉತ್ತರದ ಬದಿಯಲ್ಲಿ ಲಂಕೆಯ ಯುದ್ಧ. ಹಳೇಬೀಡಿನ ಶಿಲ್ಪದ ಆಳವಾದ ಕೊರೆತ ಇಲ್ಲಿಲ್ಲ. ಇವು ಗೋಡೆಗೆ ಅಂಟಿಕೊಂಡ ತೆಳು ಉಬ್ಬುಗಳು, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಪೂರ್ತಿ ಎದ್ದು ಕಾಣುತ್ತವೆ. ಇದಕ್ಕೆಂದು ಅರ್ಧ ದಿನವನ್ನಾದರೂ ಮೀಸಲಿಡಿ.

ಚಿಯಾಂಗ್ ಮಾಯ್ ಇದಕ್ಕೆ ತೀರಾ ಬೇರೆ. ಮಂಗ್ರಾಯ್ ಅರಸನು 1296ರಲ್ಲಿ ಲಾನ್ನಾ ರಾಜ್ಯದ ರಾಜಧಾನಿಯಾಗಿ ಸ್ಥಾಪಿಸಿದ ಈ ನಗರದ ಹಳೆಯ ಭಾಗ ಈಗಲೂ ಚೌಕಾಕಾರದ ಕಂದಕದ ಒಳಗೇ ಇದೆ. ಚೌಕದ ಒಂದೊಂದು ಬದಿಯೂ ಸುಮಾರು ಒಂದೂವರೆ ಕಿಲೋಮೀಟರ್. ಅದರೊಳಗೆ ಹೆಜ್ಜೆಗೊಂದು ಬೌದ್ಧ ವಿಹಾರ ಎದುರಾಗುತ್ತದೆ. ಊರಿನ ಅತ್ಯಂತ ಹಳೆಯ ದೇವಾಲಯವೆಂದು ಹೇಳುವ ವಾಟ್ ಚಿಯಾಂಗ್ ಮಾನ್, 1345ರಲ್ಲಿ ಸ್ಥಾಪಿತವಾದ ವಾಟ್ ಫ್ರಾ ಸಿಂಗ್, 1545ರ ಭೂಕಂಪದಲ್ಲಿ ಶಿಖರವನ್ನು ಕಳೆದುಕೊಂಡು ಮೊಂಡಾಗಿ ನಿಂತಿರುವ ವಾಟ್ ಚೆಡಿ ಲುವಾಂಗ್ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಊರಿನ ಹೊರಗೆ, ಬೋಧಗಯೆಯ ಮಹಾಬೋಧಿ ದೇವಾಲಯದ ಮಾದರಿಯಲ್ಲಿ ಕಟ್ಟಿದ ವಾಟ್ ಜೆಟ್ ಯೋಟ್ ಇದೆ. ಇವು ಪೂಜೆ ನಡೆಯುತ್ತಿರುವ ದೇವಾಲಯಗಳು. ಸಂಜೆ ಭಿಕ್ಷುಗಳ ಪಠಣವನ್ನು ಕೇಳುತ್ತ ಒಂದು ಮೂಲೆಯಲ್ಲಿ ಕುಳಿತುಕೊಳ್ಳಬಹುದು, ಕೆಲವು ವಿಹಾರಗಳಲ್ಲಿ ಭಿಕ್ಷುಗಳೊಡನೆ ಮಾತನಾಡುವುದಕ್ಕೆಂದೇ ಸಮಯವನ್ನು ಗೊತ್ತುಮಾಡಿದ್ದಾರೆ. ತೇಗದ ಕಂಬಗಳಿಗೆ ಮತ್ತೆ ಮತ್ತೆ ಹೊಸದಾಗಿ ಬಣ್ಣವನ್ನೂ ಚಿನ್ನದ ರೇಕನ್ನೂ ಹಚ್ಚುತ್ತಿರುವುದರಿಂದ ಯಾವುದು ಹಳೆಯದು, ಯಾವುದು ಮೊನ್ನೆ ಮೊನ್ನೆಯದು ಎಂದು ಹೇಳುವುದು ಕಷ್ಟ. ಇತಿಹಾಸದ ಕಣ್ಣಿನವರಿಗೆ ಇದು ಕೊರತೆಯೆನಿಸಬಹುದು, ಭಕ್ತಿಯ ಕಣ್ಣಿನವರಿಗೆ ಇದೇ ಆ ಊರಿನ ಜೀವ. ಅಂಗ್ಕೋರ್ ವಾಟ್ ಪೂರ್ತಿಯಾಗಿ ನಿಶ್ಶಬ್ದವಾದ ಸ್ಮಾರಕವೆಂದು ಇದರಿಂದ ತಿಳಿಯಬೇಡಿ. ಅದರ ಪಶ್ಚಿಮ ಗೋಪುರದೊಳಗಿನ ಎಂಟು ಕೈಗಳ ವಿಷ್ಣುವಿಗೆ ಕಾಂಬೋಡಿಯಾದ ಖ್ಮೇರ್ ಜನರು ಇಂದಿಗೂ ಹೂವು, ಊದುಬತ್ತಿ ಅರ್ಪಿಸುತ್ತಾರೆ.

ಪಾಠ ಹೇಳುವ ನಿಮಗೆ ಕಲ್ಲಿನಲ್ಲಿ ಕೆತ್ತಿದ ಕಥೆಯ ಮೇಲೆ ಆಸೆ ಹೆಚ್ಚಿರಬಹುದೆಂದು ಊಹಿಸಿ ನಾನು ಸಿಯೆಮ್ ರೀಪನ್ನು ಮುಂದಿಟ್ಟಿದ್ದೇನೆ. ನನ್ನ ಊಹೆ ಸರಿಯಿಲ್ಲವಾದರೆ, ಎಂದರೆ ದೀಪ, ಗಂಟೆ, ಪಠಣಗಳಿಲ್ಲದ ದೇವಾಲಯ ನಿಮ್ಮ ಮನಸ್ಸಿಗೆ ಹಿಡಿಸುವುದಿಲ್ಲವಾದರೆ, ಇಲ್ಲಿಂದ ಮುಂದೆ ಓದದೆ ಚಿಯಾಂಗ್ ಮಾಯ್‌ಗೆ ಟಿಕೆಟ್ ಮಾಡಿಸಿರಿ.

ಇನ್ನು ತಾಯಿಯವರ ಮಂಡಿಯ ವಿಷಯ. ಇದರಲ್ಲಿ ಚಿಯಾಂಗ್ ಮಾಯ್‌ಗೆ ಸ್ಪಷ್ಟವಾದ ಅನುಕೂಲವಿದೆ. ಹಳೆಯ ನಗರ ಸಮತಟ್ಟಾಗಿದೆ, ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಂತೆಯೇ ಇದೆ, ಮತ್ತು ಬೆಟ್ಟದ ಮೇಲಿರುವ ಡೋಯ್ ಸುಥೇಪ್ ದೇವಾಲಯಕ್ಕೆ ನಾಗರ ಸೋಪಾನದ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದವರಿಗಾಗಿ ಹಳಿಯ ಮೇಲೆ ಏರುವ ಗಾಡಿಯ ವ್ಯವಸ್ಥೆಯಿದೆ. ಸಿಯೆಮ್ ರೀಪ್‌ನ ಹಳೆಯ ವಿಮಾನ ನಿಲ್ದಾಣ ಊರಿನ ಮಗ್ಗುಲಲ್ಲೇ ಇತ್ತು. 2023ರ ಅಕ್ಟೋಬರ್‌ನಲ್ಲಿ ತೆರೆದ ಹೊಸ ನಿಲ್ದಾಣ ನಲವತ್ತು ಕಿಲೋಮೀಟರ್‌ಗಿಂತ ಹೆಚ್ಚು ದೂರ, ರಾತ್ರಿ ಇಳಿಯುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು. ದೇವಾಲಯಗಳಲ್ಲಿ ಅಂಗ್ಕೋರ್ ವಾಟ್‌ನ ತುತ್ತತುದಿಯ ಅಂತಸ್ತಿಗೆ ಏರುವ ಮೆಟ್ಟಿಲು ಬಹಳ ಕಡಿದು. ಅದನ್ನು ನಿಮ್ಮ ತಾಯಿಯವರು ಬಿಡಬೇಕಾಗುತ್ತದೆ, ಅದರಿಂದ ಅವರಿಗಾಗುವ ನಷ್ಟ ದೊಡ್ಡದಲ್ಲ. ನಾನು ಮೇಲೆ ವರ್ಣಿಸಿದ ಮೊಗಸಾಲೆ ಕೆಳಗಿನ ಅಂತಸ್ತಿನಲ್ಲಿದೆ, ಅಲ್ಲಿಗೆ ಹೋಗಲು ಕೆಲವು ಮೆಟ್ಟಿಲುಗಳನ್ನು ಕೈಹಿಡಿದು ಹತ್ತಿಸಿದರೆ ಸಾಕು. ಸೂರ್ಯಾಸ್ತಕ್ಕೆಂದು ಜನ ಮುಗಿಬೀಳುವ ಬಾಖೆಂಗ್ ಗುಡ್ಡವನ್ನು ಪೂರ್ತಿಯಾಗಿ ಕೈಬಿಡಿ.

ಅವರಿಗಾಗಿಯೇ ಹೇಳಿ ಮಾಡಿಸಿದಂತಿರುವುದು ಊರಿನಿಂದ ಸುಮಾರು 35 ಕಿಲೋಮೀಟರ್ ದೂರದ ಬಾಂತೇ ಸ್ರೈ. 967ರಲ್ಲಿ ಪ್ರತಿಷ್ಠಾಪಿತವಾದ ಈ ಶಿವಾಲಯವನ್ನು ಕಟ್ಟಿಸಿದವನು ಅರಸನಲ್ಲ, ರಾಜಗುರುವಾದ ಯಜ್ಞವರಾಹ. ಚಿಕ್ಕದು, ನೆಲಮಟ್ಟದಲ್ಲೇ ಇದೆ, ನಸುಗೆಂಪು ಮರಳುಗಲ್ಲಿನ ಮೇಲಿನ ಕೆತ್ತನೆ ಮರಗೆಲಸದಷ್ಟು ಸೂಕ್ಷ್ಮ. ಕೈಲಾಸವನ್ನು ಅಲುಗಾಡಿಸುತ್ತಿರುವ ರಾವಣ, ಖಾಂಡವವನದ ಮೇಲೆ ಇಂದ್ರನು ಸುರಿಸುವ ಮಳೆ ಇಲ್ಲಿನ ಬಾಗಿಲ ಮೇಲಣ ತ್ರಿಕೋನ ಫಲಕಗಳಲ್ಲಿವೆ. ಅಂಗ್ಕೋರ್ ಪ್ರದೇಶದಲ್ಲಿ ಒಂದೇ ದೇವಾಲಯವನ್ನು ನೋಡುವ ಅವಕಾಶ ಕೊಟ್ಟರೆ ನಾನು ಆರಿಸಿಕೊಳ್ಳುವುದು ಇದನ್ನೇ. ಗಾತ್ರದ ಮೋಹವಿರುವವರು ಒಪ್ಪಲಾರರು.

ಕಾಲದ ಆಯ್ಕೆ ಎಷ್ಟು ಮುಖ್ಯವೆಂಬುದನ್ನು ಪ್ರವಾಸಿ ಕರಪತ್ರಗಳು ಹೇಳುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡಿನ ಹೊಲಗಳಲ್ಲೂ ಕಾಡುಗಳಲ್ಲೂ ಹಚ್ಚುವ ಬೆಂಕಿಯ ಹೊಗೆ, ಗಡಿಯಾಚೆಯಿಂದ ಬರುವ ಹೊಗೆಯೊಡನೆ ಸೇರಿ, ಬೆಟ್ಟಗಳ ನಡುವಿನ ಬಟ್ಟಲಿನಂತಹ ಚಿಯಾಂಗ್ ಮಾಯ್ ಮೇಲೆ ಮುಸುಕು ಹಾಕಿ ಕೂರುತ್ತದೆ. ಆ ದಿನಗಳಲ್ಲಿ ಲೋಕದ ಅತ್ಯಂತ ಮಲಿನ ಗಾಳಿಯ ನಗರಗಳ ಪಟ್ಟಿಯಲ್ಲಿ ಅದರ ಹೆಸರು ಪದೇ ಪದೇ ಬರುತ್ತದೆ. ಡೋಯ್ ಸುಥೇಪ್ ಮೇಲಿನಿಂದ ಊರು ಕಾಣಿಸದ ದಿನಗಳೂ ಉಂಟು. ವಯಸ್ಸಾದವರನ್ನು ಕರೆದುಕೊಂಡು ಆಗ ಹೋಗಲೇಬಾರದು. ಏಪ್ರಿಲ್‌ನ ಸಿಯೆಮ್ ರೀಪ್‌ನಲ್ಲಿ ಹೊಗೆಯ ಕಾಟ ಅಷ್ಟಿಲ್ಲ, ಆದರೆ ಕಾದ ಕಲ್ಲಿನ ಮೇಲೆ ಮಧ್ಯಾಹ್ನ ನಡೆಯುವುದು ಯುವಕರಿಗೂ ಶಿಕ್ಷೆಯೇ. ಬೇಸಿಗೆ ರಜೆಯೇ ಗತಿಯೆಂದಾದರೆ, ಮೊದಲ ಮಳೆಗಳು ಬಿದ್ದು ಗಾಳಿ ತೊಳೆದುಹೋಗುವ ಮೇ ನಡುಭಾಗದ ಮೇಲೆ ಚಿಯಾಂಗ್ ಮಾಯ್‌ಗೆ ಹೋಗಿರೆಂದು ನಾನು ಹೇಳಿದ್ದು ಈ ಕಾರಣದಿಂದ.

ಅಕ್ಟೋಬರ್‌ನ ಸಿಯೆಮ್ ರೀಪ್‌ನಲ್ಲಿ ಮಳೆಯಿದೆ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿನ ಹೆಚ್ಚು ಮಳೆಯ ತಿಂಗಳುಗಳೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಮಳೆ ಬಹುಮಟ್ಟಿಗೆ ಮಧ್ಯಾಹ್ನದ ಮೇಲೆ ಬಂದು ಹೋಗುವಂಥದು. ಬೆಳಿಗ್ಗೆ ದೇವಾಲಯ, ಮಧ್ಯಾಹ್ನ ವಿಶ್ರಾಂತಿ ಎಂಬ ಕ್ರಮ ನಿಮ್ಮ ತಾಯಿಯವರಿಗೂ ಹಿತವಾಗಿಯೇ ಇರುತ್ತದೆ. ಕಂದಕಗಳು ತುಂಬಿರುತ್ತವೆ, ಕಲ್ಲುಗಳ ನಡುವೆ ಹಸಿರು ಚಿಗುರಿರುತ್ತದೆ, ಕೊಠಡಿಗಳ ಬಾಡಿಗೆ ಇಳಿದಿರುತ್ತದೆ, ಜನಸಂದಣಿ ಡಿಸೆಂಬರ್-ಜನವರಿಯಷ್ಟಿರುವುದಿಲ್ಲ. ಒಂದು ಎಚ್ಚರಿಕೆ: ನಮ್ಮ ಪಿತೃಪಕ್ಷದ ಹೊತ್ತಿಗೇ ಕಾಂಬೋಡಿಯಾದಲ್ಲಿ ‘ಪ್ಚುಮ್ ಬೆನ್’ ಎಂಬ ಪಿತೃಗಳ ಹಬ್ಬ ಹದಿನೈದು ದಿನ ನಡೆಯುತ್ತದೆ, ಅವರೂ ಅನ್ನದ ಉಂಡೆಗಳನ್ನು ಅರ್ಪಿಸುತ್ತಾರೆ. ಅಮಾವಾಸ್ಯೆಯ ಆಸುಪಾಸಿನ ಮೂರು ದಿನ ಸಾರ್ವಜನಿಕ ರಜೆಯಿದ್ದು, ಜನ ತಮ್ಮ ಹಳ್ಳಿಗಳಿಗೆ ಹೊರಡುವುದರಿಂದ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಮಹಾಲಯ ಅಮಾವಾಸ್ಯೆ ಕಳೆದು ಎರಡು ಮೂರು ದಿನ ಬಿಟ್ಟು ಅಲ್ಲಿಗೆ ತಲುಪುವಂತೆ ನೋಡಿಕೊಂಡರೆ ತೊಂದರೆಯಿಲ್ಲ.

ಕೊನೆಯದಾಗಿ ಸುರಕ್ಷತೆಯ ಮಾತು. 2025ರ ಜುಲೈನಲ್ಲಿಯೂ ಮತ್ತೆ ಡಿಸೆಂಬರ್‌ನಲ್ಲಿಯೂ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಸೈನ್ಯಗಳ ನಡುವೆ ಗಡಿಯಲ್ಲಿ ಹೋರಾಟ ನಡೆಯಿತು. ವಿವಾದದ ತಾಣಗಳಲ್ಲಿ ಕೆಲವು ಹಳೆಯ ಖ್ಮೇರ್ ಶಿವಾಲಯಗಳೇ ಆಗಿರುವುದು ವಿಷಾದದ ಸಂಗತಿ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೊಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ, ಭಾರತದ ವಿದೇಶಾಂಗ ಸಚಿವಾಲಯದ ಪ್ರವಾಸ ಸೂಚನೆಯನ್ನು ಓದಿಕೊಳ್ಳಿ. ಗಡಿ ಶಾಂತವಾಗಿಲ್ಲವೆಂದು ಅದರಲ್ಲಿ ಕಂಡರೆ ನನ್ನ ಶಿಫಾರಸು ತಾನಾಗಿಯೇ ಚಿಯಾಂಗ್ ಮಾಯ್ ಕಡೆಗೆ ಹೊರಳುತ್ತದೆ.

ಪ್ರಶ್ನೆ: ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಸಿಯೆಮ್ ರೀಪ್‌ಗೆ ಅಗ್ಗವಾಗಿ ಹೋಗಬಹುದೆಂದು ಓದಿದ್ದೆ. ಹಾಗಾದರೆ ಒಂದೇ ಪ್ರವಾಸದಲ್ಲಿ ಎರಡೂ ಊರುಗಳನ್ನು ನೋಡಿಕೊಂಡು ಬರಬಹುದಲ್ಲವೇ?
— ಒಬ್ಬ ಓದುಗರು, ಧಾರವಾಡ

ಉತ್ತರ: ನೀವು ಓದಿದ್ದು ಹಳೆಯ ಮಾಹಿತಿ. ಗಡಿಯೂರುಗಳಾದ ಅರಣ್ಯಪ್ರಥೇಟ್–ಪೋಯ್‌ಪೆಟ್ ಮೂಲಕ ಹೋಗುವ ಆ ದಾರಿ ವರ್ಷಗಳ ಕಾಲ ಬಡ ಪ್ರವಾಸಿಗಳ ಹೆದ್ದಾರಿಯಾಗಿತ್ತು, ನಿಜ. ಆದರೆ 2025ರ ಜೂನ್‌ನಲ್ಲಿ ಎರಡು ದೇಶಗಳ ಸಂಬಂಧ ಕೆಟ್ಟಾಗ ಭೂಗಡಿಯ ದ್ವಾರಗಳನ್ನು ಪ್ರವಾಸಿಗಳಿಗೆ ಮುಚ್ಚಲಾಯಿತು. ಅವು ತೆರೆದಿವೆ ಎಂಬ ಅಧಿಕೃತ ಪ್ರಕಟಣೆಯನ್ನು ಕಣ್ಣಾರೆ ಓದದ ಹೊರತು ಬಸ್ಸನ್ನು ನಂಬಿ ಹೊರಡಬೇಡಿ. ವಿಮಾನದಲ್ಲಿ ಬ್ಯಾಂಕಾಕ್ ಮೂಲಕ ಎರಡನ್ನೂ ಜೋಡಿಸಬಹುದು, ಆದರೆ ಆಗ ಅಗ್ಗ ಎಂಬ ಮಾತನ್ನು ಮರೆಯಬೇಕಾಗುತ್ತದೆ. ಹತ್ತು ದಿನಕ್ಕಿಂತ ಕಡಿಮೆ ಬಿಡುವಿರುವವರು ಒಂದನ್ನೇ ಆರಿಸಿಕೊಳ್ಳುವುದು ಮೇಲು. ಚಿಯಾಂಗ್ ಮಾಯ್ ಒಂದನ್ನೇ ಆರಿಸಿದರೆ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನಗಳಿವೆ, ಅಲ್ಲಿಂದ ಮುಂದಕ್ಕೆ ವಿಮಾನದಲ್ಲಿ ಒಂದೂಕಾಲು ಗಂಟೆ. ಒಂದು ರಾತ್ರಿಯ ಕೊಠಡಿ ಬಾಡಿಗೆಯನ್ನು ಉಳಿಸಬಯಸುವವರಿಗೆ 751 ಕಿಲೋಮೀಟರ್ ಕ್ರಮಿಸುವ ರಾತ್ರಿ ರೈಲು ಇದೆ, ಮಲಗುವ ಬರ್ತ್‌ಗಳು ನಮ್ಮ ರೈಲಿನವಕ್ಕಿಂತ ಅಗಲ. ಥಾಯ್ಲೆಂಡ್ ತಲುಪುವ ಮುನ್ನಿನ ಮೂರು ದಿನಗಳೊಳಗೆ ಆನ್‌ಲೈನ್ ಆಗಮನ ಪತ್ರವನ್ನು ತುಂಬಬೇಕೆಂಬ ನಿಯಮ 2025ರ ಮೇ 1ರಿಂದ ಜಾರಿಯಲ್ಲಿದೆ. ಇದು ಉಚಿತ. ಹಣ ಕೇಳುವ ಜಾಲತಾಣಗಳು ನಕಲಿಯೋ ಮಧ್ಯವರ್ತಿಗಳದೋ ಆಗಿರುತ್ತವೆ.

ಪ್ರಶ್ನೆ: ಮೀನು ಬೆರೆಯದ ಊಟ ಈ ಎರಡು ಊರುಗಳಲ್ಲಿ ಸಿಗುತ್ತದೆಯೇ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.
— ಒಬ್ಬ ಓದುಗರು, ಉಡುಪಿ

ಉತ್ತರ: ಸಿಗುತ್ತದೆ, ಆದರೆ ‘ಸಸ್ಯಾಹಾರ’ ಎಂದಷ್ಟೇ ಹೇಳಿದರೆ ಸಾಲದು. ಎರಡು ದೇಶಗಳ ಅಡುಗೆಮನೆಯಲ್ಲಿಯೂ ಉಪ್ಪಿನ ಕೆಲಸವನ್ನು ಮೀನಿನ ರಸವೇ ಮಾಡುತ್ತದೆ. ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ಅದು ಇರಬಹುದು, ಕಾಂಬೋಡಿಯಾದಲ್ಲಿ ಅದರ ಜೊತೆಗೆ ‘ಪ್ರಹೋಕ್’ ಎಂಬ ಹುದುಗಿಸಿದ ಮೀನಿನ ಗೊಜ್ಜೂ ಸೇರಿರಬಹುದು. ಈ ವಿಷಯದಲ್ಲಿ ಚಿಯಾಂಗ್ ಮಾಯ್ ಬಹಳ ಮುಂದಿದೆ. ಅಲ್ಲಿ ‘ಜೇ’ ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಈ ಗುರುತನ್ನು ಹಾಕಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಬಳಸುವುದಿಲ್ಲ, ಈರುಳ್ಳಿ-ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಥಾಯ್ಲೆಂಡಿನಾದ್ಯಂತ ಇದೇ ಆಹಾರದ ಹಬ್ಬ ನಡೆಯುತ್ತದೆ. ಹಲವು ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ಜೊತೆಗೇ ಬೀಳುವುದರಿಂದ, ದಸರಾ ರಜೆಯಲ್ಲಿ ಅಲ್ಲಿಗೆ ಹೋಗುವ ಸಸ್ಯಾಹಾರಿಗಳಿಗೆ ಬೀದಿ ಬೀದಿಯಲ್ಲೂ ಊಟ ಸಿಕ್ಕೀತು. ಆ ಪ್ರದೇಶದ ಹೆಸರಾಂತ ‘ಖಾವ್ ಸೋಯ್’ ಎಂಬ ತೆಂಗಿನಹಾಲಿನ ನೂಡಲ್ಸ್ ಸಾಮಾನ್ಯವಾಗಿ ಕೋಳಿಯದು, ಅದರ ಸಸ್ಯಾಹಾರಿ ರೂಪವನ್ನು ಕೆಲವೆಡೆ ಮಾಡಿಕೊಡುತ್ತಾರೆ. ಸಿಯೆಮ್ ರೀಪ್‌ನಲ್ಲಿ ಪ್ರವಾಸಿಗಳ ಬೀದಿಗಳ ಸುತ್ತ ಸಸ್ಯಾಹಾರದ ಹೋಟೆಲುಗಳೂ ಭಾರತೀಯ ಹೋಟೆಲುಗಳೂ ಇವೆ, ಆದರೆ ದೇವಾಲಯಗಳ ಬಳಿಯ ಅಂಗಡಿಗಳನ್ನು ನಂಬಿಕೊಳ್ಳುವಂತಿಲ್ಲ. ಬೆಳಿಗ್ಗೆ ಹೊರಡುವಾಗ ಬುತ್ತಿ ಕಟ್ಟಿಕೊಂಡು, ಬೇಡವಾದ ಪದಾರ್ಥಗಳ ಹೆಸರನ್ನು ಖ್ಮೇರ್ ಲಿಪಿಯಲ್ಲಿ ವಸತಿಗೃಹದವರಿಂದ ಬರೆಯಿಸಿಕೊಂಡು ಹೋಗಿರಿ.

ಪ್ರಶ್ನೆ: ಸೀರೆ ಉಟ್ಟು ಹೋಗಬಹುದೇ? ಹಣವನ್ನು ಯಾವ ರೂಪದಲ್ಲಿ ಒಯ್ಯಬೇಕು?
— ಒಬ್ಬ ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಉಡಬಹುದು. ಎರಡು ಕಡೆಗಳಲ್ಲಿಯೂ ಭುಜ ಮತ್ತು ಮಂಡಿ ಮುಚ್ಚಿರಬೇಕೆಂಬುದೇ ನಿಯಮ; ತೋಳಿಲ್ಲದ ರವಿಕೆಯಾದರೆ ಮೇಲೊಂದು ಹೊದಿಕೆ ಇರಲಿ. ಚಿಯಾಂಗ್ ಮಾಯ್‌ನ ವಾಟ್ ಚೆಡಿ ಲುವಾಂಗ್ ಆವರಣದಲ್ಲಿರುವ ನಗರಸ್ತಂಭದ ಗುಡಿಯೊಳಗೆ ಸ್ತ್ರೀಯರಿಗೆ ಪ್ರವೇಶವಿಲ್ಲ. ಈ ಫಲಕವನ್ನು ಬಾಗಿಲಲ್ಲಿ ಓದಿ ಬೇಸರ ಪಡುವವರಿದ್ದಾರೆ, ಆದ್ದರಿಂದ ಮೊದಲೇ ತಿಳಿಸಿದ್ದೇನೆ.

ಹಣದ ವಿಷಯದಲ್ಲಿ, ಸಿಯೆಮ್ ರೀಪ್‌ನಲ್ಲಿ ಅಮೆರಿಕದ ಡಾಲರ್ ಸಲೀಸಾಗಿ ಓಡುತ್ತದೆ. ಒಂದು ಡಾಲರಿಗಿಂತ ಕಡಿಮೆಯ ಚಿಲ್ಲರೆಯನ್ನು ಡಾಲರಿಗೆ ಸುಮಾರು 4000ದಂತೆ ರಿಯೆಲ್‌ನಲ್ಲಿ ಕೊಡುತ್ತಾರೆ. ಸ್ವಲ್ಪ ಹರಿದ, ಗೀಚಿದ ನೋಟನ್ನೂ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಇಲ್ಲಿಂದ ಒಯ್ಯುವಾಗಲೇ ಹೊಸ ನೋಟುಗಳನ್ನು ಕೇಳಿ ಪಡೆಯಿರಿ, ಅವುಗಳಲ್ಲಿ ಒಂದು ಮತ್ತು ಐದು ಡಾಲರಿನವು ಸಾಕಷ್ಟಿರಲಿ. ಥಾಯ್ಲೆಂಡಿನಲ್ಲಿ ಬಾತ್ ಮಾತ್ರ. ಅಲ್ಲಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಬಾರಿಯೂ 200 ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುವುದರಿಂದ ಸ್ವಲ್ಪ ಸ್ವಲ್ಪವೇ ತೆಗೆಯುವ ಅಭ್ಯಾಸ ದುಬಾರಿಯಾಗುತ್ತದೆ.

ಪ್ರಶ್ನೆ: ಅಂಗ್ಕೋರ್ ನೋಡಲು ಒಂದು ದಿನದ ಪ್ರವೇಶಪತ್ರ ಸಾಲದೇ? ಮೂರು ದಿನ ಕಲ್ಲುಗಳನ್ನೇ ನೋಡಿ ಬೇಸರವಾಗುವುದಿಲ್ಲವೇ?
— ಒಬ್ಬ ಓದುಗರು, ತುಮಕೂರು

ಉತ್ತರ: ಬೇಸರವಾಗುವುದು ಒಂದು ದಿನದಲ್ಲಿ ಎಲ್ಲವನ್ನೂ ನೋಡಲು ಹೊರಟವರಿಗೆ. ಮೂರು ದಿನದ ಪತ್ರವನ್ನು ಹತ್ತು ದಿನಗಳೊಳಗೆ ಯಾವ ಮೂರು ದಿನಗಳಲ್ಲಾದರೂ ಬಳಸಬಹುದಾದ್ದರಿಂದ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು ಅರ್ಧ ಅರ್ಧ ದಿನದ ಲೆಕ್ಕದಲ್ಲಿ ನೋಡಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ, ಅವರ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು.

ಮೊದಲ ದಿನ ಅಂಗ್ಕೋರ್ ವಾಟ್ ಒಂದೇ ಸಾಕು. ಅದರ ಬಾಗಿಲು ಬೆಳಿಗ್ಗೆ ಐದಕ್ಕೇ ತೆರೆಯುತ್ತದೆ. ಆದರೆ ಸೂರ್ಯೋದಯದ ಚಿತ್ರಕ್ಕಾಗಿ ಕೊಳದ ದಂಡೆಯಲ್ಲಿ ನೂಕುನುಗ್ಗಲಿಗೆ ಸಿಲುಕುವುದು, ಮೋಡದ ತಿಂಗಳುಗಳಲ್ಲಂತೂ, ನಿದ್ದೆ ಕೆಡಿಸಿಕೊಂಡಷ್ಟು ಫಲ ಕೊಡುವುದಿಲ್ಲ. ಆ ಜನರೆಲ್ಲ ಉಪಾಹಾರಕ್ಕೆಂದು ಊರಿಗೆ ಮರಳುವ ಏಳು ಗಂಟೆಯ ಹೊತ್ತಿಗೆ ನೀವು ಒಳಗೆ ಹೋದರೆ ಮೊಗಸಾಲೆಗಳು ಖಾಲಿಯಿರುತ್ತವೆ. ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮುಂಭಾಗದ ಒಳ್ಳೆಯ ಚಿತ್ರ ಬೇಕಾದವರು ಸಂಜೆ ಬರಬೇಕು.

ಎರಡನೆಯ ದಿನ ಏಳನೆಯ ಜಯವರ್ಮನ ರಾಜಧಾನಿ ಅಂಗ್ಕೋರ್ ಥೋಮ್, ಅದರ ನಡುವಿನ ಮುಖಗೋಪುರಗಳ ಬಯೋನ್, ಹಾಗೂ ಆತ ತನ್ನ ತಾಯಿಯ ನೆನಪಿಗೆ 1186ರಲ್ಲಿ ಪ್ರತಿಷ್ಠಾಪಿಸಿದ ತಾ ಪ್ರೋಮ್. ಬೃಹತ್ ಮರದ ಬೇರುಗಳು ಗೋಡೆಗಳನ್ನು ಅಪ್ಪಿಕೊಂಡಿರುವ ತಾ ಪ್ರೋಮ್‌ನ ದುರಸ್ತಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕೈಯಿದೆ; ಬೇರನ್ನು ಕತ್ತರಿಸಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಗೋಡೆ ಸೀಳುತ್ತದೆ ಎಂಬ ಇಕ್ಕಟ್ಟಿನಲ್ಲಿ ಅವರು ಊರುಗೋಲುಗಳನ್ನು ಕೊಟ್ಟು ಎರಡನ್ನೂ ಉಳಿಸಿದ ಬಗೆಯನ್ನು ನಿಂತು ಗಮನಿಸಿ. ಮೂರನೆಯ ದಿನ ಬಾಂತೇ ಸ್ರೈ. ಹತ್ತಿರದ ದೇವಾಲಯಗಳ ಸುತ್ತಿಗೆ ಟುಕ್-ಟುಕ್ಕಿನವರು ದಿನವೊಂದಕ್ಕೆ ಸಾಮಾನ್ಯವಾಗಿ 15ರಿಂದ 20 ಡಾಲರ್ ಕೇಳುತ್ತಾರೆ. ಬಾಂತೇ ಸ್ರೈ ದೂರವಾದ್ದರಿಂದ ಅದಕ್ಕೆ ದರ ಹೆಚ್ಚು. ಹೊರಡುವ ಮೊದಲೇ ಯಾವ ಯಾವ ದೇವಾಲಯ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಮಾತನಾಡಿಕೊಳ್ಳಿ. ಮೊದಲ ದಿನದ ಚಾಲಕ ನಿಮ್ಮ ಹೆಜ್ಜೆಯ ವೇಗಕ್ಕೆ ಹೊಂದಿಕೊಂಡರೆ ಮೂರೂ ದಿನಕ್ಕೆ ಅವನನ್ನೇ ಗೊತ್ತುಮಾಡಿಕೊಳ್ಳಿ, ದರವೂ ಇಳಿಯುತ್ತದೆ, ದಿನವೂ ಚೌಕಾಶಿ ಮಾಡುವ ಕಷ್ಟವೂ ತಪ್ಪುತ್ತದೆ.